ಕತ್ತಲಾದರೆ ಮಾತು ಕೇಳುವುದಿಲ್ಲ

ಮಕ್ಕಳೇ, ಹೋದ ಸಲ ನೀವು ಕಂಪ್ಲಿಯಿಂದ ಬಂದಾಗ, ಅಜ್ಜಿ ಆಫೀಸಿನಲ್ಲಿ ಏನು ಕೆಲಸ ಮಾಡುತ್ತಾಳೆ ಅಂತ ನಿಮ್ಮಿಬ್ಬರೊಳಗೇ ಜಗಳ ಹತ್ತಿತ್ತು. ದೊಡ್ಡವಳು ಫೋನ್ ಎತ್ತುವ ಕೆಲಸ ಅಂದಳು. ಸಣ್ಣವನು ಚಹಾ ಮಾಡುವ ಕೆಲಸ ಅಂದ. ನಾನು ಇಬ್ಬರಿಗೂ ಹೂಂ ಅಂದು ರೊಟ್ಟಿ ಬಡಿಯಲು ಒಳಗೆ ಹೋದೆ. ಎದುರಿಗೆ ಕುಳಿತು ಬಿಡಿಸಿ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಬರೆದರೆ ಬಂದೀತೇನೋ ನೋಡೋಣ ಅಂತ ಕುಳಿತಿದ್ದೇನೆ. ಎಲ್ಲವನ್ನೂ ಬರೆಯುವುದಿಲ್ಲ. ಒಂದು ಮೀಟಿಂಗಿನ ವಿಷಯ ಮಾತ್ರ. ಅದನ್ನು ನೆನೆದರೆ ಈಗಲೂ ನನಗೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು ಅನ್ನಿಸುತ್ತದೆ.

ಹೊಸಪೇಟೆಯ ನಮ್ಮ ಆಫೀಸು ಒಂದು ಸಣ್ಣ ಸಂಸ್ಥೆ. ಕಿವಿ ಕೇಳದವರು ದುಡಿಯುವ ಕಡೆ ಮೀಟಿಂಗು, ತರಬೇತಿ, ಸಮಾರಂಭ ಏನಾದರೂ ಇದ್ದರೆ ಅಲ್ಲಿಗೆ ಸನ್ನೆ ಭಾಷೆಯ ದುಭಾಷಿಗಳನ್ನು ಹೊಂದಿಸಿ ಕಳಿಸುತ್ತೇವೆ. ಬಾಯಲ್ಲಿ ಆಡಿದ್ದನ್ನು ಅವರು ಕೈಯಲ್ಲಿ ಹೇಳುತ್ತಾರೆ, ಕೈಯಲ್ಲಿ ಆಡಿದ್ದನ್ನು ಬಾಯಲ್ಲಿ ಹೇಳುತ್ತಾರೆ. ನಾನು ದುಭಾಷಿ ಅಲ್ಲ. ನಿಮ್ಮ ಅಜ್ಜ ಹೋದ ಮೇಲೆ ಅಲ್ಲಿ ಕಸ ಗುಡಿಸಲು, ಚಹಾ ಮಾಡಲು ಸೇರಿದವಳು. ಸಂಸ್ಥೆ ನಡೆಸುವ ಮೇಡಂ ಊರೂರು ತಿರುಗುತ್ತಿದ್ದರು, ಫೋನು ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಎತ್ತುತ್ತ ಎತ್ತುತ್ತ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ನನ್ನ ಮುಖ ಯಾರಿಗೂ ಕಾಣುವುದಿಲ್ಲವಲ್ಲ, ಅದಕ್ಕೇ ಅದು ನನಗೆ ಸಲೀಸಾಯಿತು.

ಆ ಫೋನು ಬಂದದ್ದು ನನ್ನ ತವರೂರಾದ ವಡ್ಡು ಗ್ರಾಮದ ಹತ್ತಿರದ ಒಂದು ಕಾರ್ಖಾನೆಯಿಂದ. ಕಬ್ಬಿಣದ ತೊಲೆ, ಚೌಕಟ್ಟು ಕೂಡಿಸಿ ವೆಲ್ಡಿಂಗ್ ಮಾಡಿ ದೊಡ್ಡ ಕಾರ್ಖಾನೆಗಳಿಗೆ ಕೊಡುವ ಜಾಗ. ಮಾತಾಡಿದವರು ಅಲ್ಲಿಯ ಪರ್ಸನಲ್ ಆಫೀಸರು, ಅಂದರೆ ಕೆಲಸಗಾರರ ಹಾಜರಿ, ರಜೆ, ವರ್ಗ ನೋಡುವವರು.

"ಅಮ್ಮಾರ, ಸೋಮವಾರ ನಮ್ದೊಂದು ಸೇಫ್ಟಿ ಕಾರ್ಯಕ್ರಮ ಐತ್ರಿ. ಸೈನ್ ಲ್ಯಾಂಗ್ವೇಜಿನವರು ಒಬ್ಬರು ಬೇಕು. ಒಬ್ಬರು ಸಾಕ್ರಿ, ನಮ್ಮಲ್ಲಿ ಮೂಗರು ನಾಲ್ಕೇ ಮಂದಿ ಅದಾರ."

ಕೇಳಬೇಕಾದ ಪ್ರಶ್ನೆಗಳನ್ನು ಮೇಡಂ ನನಗೆ ಬಾಯಿಪಾಠ ಮಾಡಿಸಿದ್ದರು. ಕಾರ್ಯಕ್ರಮ ಎಷ್ಟು ಹೊತ್ತು? ಅರ್ಧ ದಿನ ಅಂದರು. ಹಾಗಾದರೆ ಇಬ್ಬರು ಬೇಕು ಅಂದೆ. ಒಬ್ಬರೇ ಸತತವಾಗಿ ಮಾಡಿದರೆ ಕೈಗಿಂತ ಮೊದಲು ತಲೆ ದಣಿಯುತ್ತದೆ, ಆಮೇಲೆ ಮಾತು ಬಿಟ್ಟು ಹೋಗತೊಡಗುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಬದಲಾಗಬೇಕು. ಭಾಷಣಗಳ ಪ್ರತಿ ಮೊದಲೇ ಕಳಿಸಿ ಅಂದೆ. ದುಭಾಷಿಯ ಹಿಂದೆ ಬಣ್ಣಬಣ್ಣದ ಬ್ಯಾನರ್ ಬೇಡ, ಒಂದೇ ಬಣ್ಣದ ಪರದೆ ಇರಲಿ ಅಂದೆ. ಕೊನೆಗೆ ಯಾವತ್ತೂ ಕೇಳುವ ಪ್ರಶ್ನೆ ಕೇಳಿದೆ, ಮೀಟಿಂಗಿನಲ್ಲಿ ಅವರಿಗೆ ಸಂಬಂಧಪಟ್ಟ ವಿಷಯ ಏನಾದರೂ ಇದೆಯೇ ಅಂತ.

ಇತ್ತು. ಕಾರ್ಖಾನೆ ಹೊಸ ಶೆಡ್ಡು ಕಟ್ಟಿತ್ತು. ತಲೆಯ ಮೇಲೆ ಓಡಾಡುವ ದೊಡ್ಡ ಕ್ರೇನು. ಕ್ರೇನು ಹೊರಟರೆ ಸೈರನ್ ಆಗುತ್ತದೆ, ಕೆಳಗಿದ್ದವರು ಸರಿಯಬೇಕು. ಸೈರನ್ ಕೇಳದವರು ಆ ಶೆಡ್ಡಿನ ಒಳಗೆ ಹೋಗಬಾರದು ಅನ್ನುವ ನಿಯಮ ತಯಾರಾಗಿತ್ತು. ನಾಲ್ವರಲ್ಲಿ ಮೂವರು ಸ್ಟೋರಿನಲ್ಲಿದ್ದರು, ಅವರಿಗೆ ಅಡ್ಡಿಯಿಲ್ಲ. ನಾಲ್ಕನೆಯವರು ವೆಲ್ಡರ್. ವೆಲ್ಡಿಂಗ್ ಎಲ್ಲವೂ ಹೊಸ ಶೆಡ್ಡಿಗೆ ಹೋಗುತ್ತದೆ, ಅವರು ಮಾತ್ರ ಹೊರಗೆ ಉಳಿಯುತ್ತಾರೆ. ಗೇಟಿನ ಪಕ್ಕದ ತೋಟಕ್ಕೆ ನೀರು ಬಿಡುವ ಕೆಲಸ ಕೊಡುವುದು ಅಂತ ಮಾತಾಗಿತ್ತು.

"ಸಂಬಳ ಕಡಿಮಿ ಮಾಡಂಗಿಲ್ರಿ ಮತ್ತ," ಅಂದರು ಆಫೀಸರು. "ನಮ್ಮ ಸೇಫ್ಟಿ ಆಫೀಸರ್ ಒಬ್ಬರು ಹಟ ಹಿಡಿದಾರ, ಮೊದಲು ಅವನ ಮಾತೂ ಒಂದು ಕೇಳೂಣು ಅಂತ. ಅದಕ್ಕ ನಿಮಗ ಫೋನ್ ಮಾಡಿದ್ದು."

ಹುಬ್ಬಳ್ಳಿಯ ಒಬ್ಬ ದುಭಾಷಿ ಹುಡುಗಿಯನ್ನೂ ಬಳ್ಳಾರಿಯ ಒಬ್ಬ ದುಭಾಷಿಯನ್ನೂ ಗೊತ್ತು ಮಾಡಿದೆ. ಹುಡುಗಿಯ ತಂದೆತಾಯಿ ಇಬ್ಬರಿಗೂ ಕಿವಿ ಕೇಳದು, ಅವಳು ಮಾತು ಕಲಿಯುವ ಮೊದಲೇ ಕೈಮಾತು ಕಲಿತವಳು. ಯಾರ ಪರವಾಗಿ ಮಾತಾಡಬೇಕೋ ಅವರನ್ನು ಮೊದಲೇ ಭೇಟಿಯಾಗುವುದು ಅವಳ ಪದ್ಧತಿ. ಅದಕ್ಕೆ ಶನಿವಾರವೇ ರೈಲಿಗೆ ಬಂದಳು. ಅವಳೂ ನಾನೂ ಬಸ್ಸು ಹಿಡಿದು ಕಾರ್ಖಾನೆಗೆ ಹೊರಟೆವು. ದಾರಿಯಲ್ಲಿ ನಾನು ಏಳನೇ ಇಯತ್ತೆವರೆಗೆ ಓದಿದ ಶಾಲೆ ಬಂತು. ತೋರಿಸೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಬಸ್ಸು ಮುಂದೆ ಹೋಯಿತು.

ವೆಲ್ಡರ್ ಕ್ಯಾಂಟೀನಿನಲ್ಲಿ ನಮಗಾಗಿ ಕಾಯುತ್ತಿದ್ದರು. ಕಂಪ್ಲಿಯ ಕಡೆಯ ಹಳ್ಳಿಯವರು, ನಲವತ್ತರ ಆಸುಪಾಸು. ಕೈಮೇಲೆಲ್ಲ ಕಿಡಿ ಹಾರಿದ ಸಣ್ಣ ಸಣ್ಣ ಕಲೆ. ಹುಡುಗಿ ಎದುರಿಗೆ ಕುಳಿತು ಕೈಯಾಡಿಸಿದಳು. ಅವರು ಚಂದಾಗಿ ನಕ್ಕು ಗೋಣು ಹಾಕಿದರು. ಮತ್ತೆ ಏನೋ ಕೇಳಿದಳು, ಮತ್ತೆ ಗೋಣು ಹಾಕಿದರು. ಎಲ್ಲ ಸುಸೂತ್ರ ಅಂತ ನನಗೆ ಖುಷಿಯಾಯಿತು. ಪರ್ಸನಲ್ ಆಫೀಸರೂ ನೋಡಿ, ಮಸ್ತ್ ಆತಲ್ರಿ, ಅಂತ ಹೇಳಿ ಹೋದರು.

ಅವರು ಆಚೆ ಹೋದದ್ದೇ ಹುಡುಗಿ ನನ್ನ ಕಡೆ ತಿರುಗಿದಳು. ಮುಖ ಇಳಿದಿತ್ತು.

"ಆಂಟಿ, ನಿಮ್ಮ ಊರು ಯಾವುದು ಅಂದೆ, ಹೂಂ ಅಂದ್ರು. ಹೊಸ ಶೆಡ್ಡಿಗೆ ಹೋಗಬೇಕಾ ಅಂದೆ, ಹೂಂ. ತೋಟದ ಕೆಲಸ ಬೇಕಾ ಅಂದೆ, ಅದಕ್ಕೂ ಹೂಂ. ಕಡೀಗೆ ನೀವು ಆನೆ ಏನ್ರಿ ಅಂತ ಕೇಳಿದೆ."

"ಏನಂದ್ರು?"

"ಹೂಂ ಅಂದ್ರಲ್ಲ."

ನನಗೆ ನಗು ಬಂತು, ಬಂದದ್ದೇ ನಿಂತೂ ಹೋಯಿತು. ಆ ಗೋಣು ಹಾಕುವುದು ನನಗೆ ಹೊಸದಲ್ಲ. ಮೇಡಂ ಜೊತೆ ದೊಡ್ಡ ಊರಿನ ಮೀಟಿಂಗಿಗೆ ಹೋದಾಗ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಯಾರಾದರೂ ನನ್ನ ಕಡೆ ನೋಡಿದರೆ ನಾನೂ ಹಾಗೆಯೇ ನಕ್ಕು ಗೋಣು ಹಾಕುತ್ತೇನೆ. ಇನ್ನೊಂದು ಪ್ರಶ್ನೆ ಬಾರದಿರಲಿ ಅಂತ.

ಹುಡುಗಿ ವಿವರಿಸಿ ಹೇಳಿದಳು. ವೆಲ್ಡರ್ ಕಿವುಡರ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವ್ವ, ಅಣ್ಣತಮ್ಮಂದಿರು, ಓಣಿಯವರು ಸೇರಿ ಕಟ್ಟಿಕೊಂಡ ಮನೆಸನ್ನೆಗಳು ಅವರವು. ಅವಳದು ಶಾಲೆಯಲ್ಲಿ, ತರಬೇತಿಯಲ್ಲಿ ಬಳಸುವ ಭಾಷೆ. ಎರಡೂ ಕೈಯಲ್ಲೇ ಆಡುವ ಮಾತಾದರೂ ಒಂದಕ್ಕೊಂದು ಕೂಡುವುದಿಲ್ಲ. "ಸೋಮವಾರ ಇವರ ಬಾಯಿಂದ ನಾನು ಏನರ ಹೇಳಿದರ ಅದು ನನ್ನ ಊಹೆ ಆಕ್ಕೈತಿ ಆಂಟಿ, ಅವರ ಮಾತಲ್ಲ," ಅಂದಳು. ಮೇಡಂಗೆ ಫೋನ್ ಹಚ್ಚಿದೆ. ಅವರು ಯಾವುದೋ ಊರಿನ ಕೆಲಸದಲ್ಲಿದ್ದರು, ಫೋನು ಹತ್ತಲಿಲ್ಲ.

ಹೊರಡುವಾಗ ವೆಲ್ಡರ್ ಗೇಟಿನವರೆಗೆ ಬಂದರು. ಕಾವಲುಗಾರನಿಗೆ ಎರಡು ಬೆರಳಿನಿಂದ ಕತ್ತರಿ ಆಡಿಸಿ ತೋರಿಸಿ, ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಹಾಗೆ ಮಾಡಿ, ಗಹಗಹಿಸಿ ನಕ್ಕರು. ಏನದು ಅಂತ ನಾನು ಕೇಳಿದೆ. ಕಾವಲುಗಾರ, "ನಾಳೆ ಐತವಾರ ಅಲ್ರಿ. ಐತವಾರ ಸಂಜೀಕ ಹೊಸಪೇಟಿ ಬಸ್‌ಸ್ಟ್ಯಾಂಡಿನಾಗ ಇವರದೆಲ್ಲ ಮಂದಿ ಕೂಡತಾರ್ರಿ. ಅಲ್ಲಿ ಕಂಪ್ಲಿ ಟೇಲರ್ ಅಕ್ಕ ಬರ್ತಾಳ, ಆಕಿ ಜೋಡಿ ಇವನ ಹರಟಿ ನೋಡಬೇಕು ನೀವು," ಅಂದ.

ಮಕ್ಕಳೇ, ಎಷ್ಟು ವರ್ಷದಿಂದ ಆ ಬಸ್‌ಸ್ಟ್ಯಾಂಡಿನಲ್ಲಿ ನಾನು ಮನೆಗೆ ಬರಲು ಕಮಲಾಪುರದ ಬಸ್ಸಿಗೆ ಕಾದಿದ್ದೇನೆ. ಮರುದಿನ ಸಂಜೆಯೇ ಅದನ್ನು ಕಣ್ಣು ಬಿಟ್ಟು ನೋಡಿದ್ದು. ಚಹಾದಂಗಡಿಯ ಪಕ್ಕ, ದೊಡ್ಡ ದೀಪದ ಕೆಳಗೆ ದುಂಡಗೆ ನಿಂತ ಒಂದು ಗುಂಪು. ಕೈಗಳು ಹಾರುತ್ತಿದ್ದವು. ಒಬ್ಬರು ಹೇಳುವುದು ಮುಗಿಯುವ ಮೊದಲೇ ಇನ್ನೊಬ್ಬರು ಭುಜ ತಟ್ಟಿ ಬಾಯಿ ಹಾಕುತ್ತಿದ್ದರು, ಅಂದರೆ ಕೈ ಹಾಕುತ್ತಿದ್ದರು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು ಯಾವುದೂ ಆ ಮಾತಿಗೆ ಅಡ್ಡ ಬರುತ್ತಿರಲಿಲ್ಲ. ನಡುವೆ ನಮ್ಮ ವೆಲ್ಡರ್ ನಿಂತಿದ್ದರು. ನಿನ್ನೆಯ ಮನುಷ್ಯ ಅಲ್ಲವೇ ಅಲ್ಲ. ಯಾರದೋ ನಡಿಗೆ, ಯಾರದೋ ಮೀಸೆ, ಕ್ಯಾಂಟೀನಿನ ಸಾಂಬಾರು ಎಲ್ಲವನ್ನೂ ಕೈಯಲ್ಲಿ ಆಡಿ ತೋರಿಸುತ್ತಿದ್ದರು, ಗುಂಪು ಬಿದ್ದು ಬಿದ್ದು ನಗುತ್ತಿತ್ತು.

ಎದುರಿಗೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಒಬ್ಬಾಕೆ. ಅವರೇ ಟೇಲರ್. ಚಿಕ್ಕಂದಿನಲ್ಲಿ ಹಾಸ್ಟೆಲಿನಲ್ಲಿದ್ದು ಕಿವುಡರ ಶಾಲೆಯಲ್ಲಿ ಓದಿದವರು. ಅಂಗಡಿ ಇಟ್ಟ ಮೇಲೆ ಕಂಪ್ಲಿ ಸುತ್ತಲಿನ ಶಾಲೆ ಕಾಣದ ಕಿವುಡರೆಲ್ಲ ಅವರ ಅಂಗಡಿಗೇ ಬಂದು ಕೂಡುವುದರಿಂದ ಆ ಮನೆಸನ್ನೆಗಳೂ ಟೇಲರಿಗೆ ಬರುತ್ತಿದ್ದವು. ನನ್ನ ಜೊತೆ ಬಂದಿದ್ದ ಹುಬ್ಬಳ್ಳಿಯ ಹುಡುಗಿ ಮುಂದೆ ಹೋಗಿ ಕೈಯಾಡಿಸಿದಳು. ಟೇಲರ್ ಫಟಫಟ ಉತ್ತರ ಕೊಟ್ಟರು. ಆಮೇಲೆ ವೆಲ್ಡರ್ ಕಡೆ ತಿರುಗಿ ಬೇರೆಯೇ ರೀತಿಯಲ್ಲಿ, ಅರ್ಧ ನಾಟಕ ಮಾಡಿದ ಹಾಗೆ ಏನೋ ಕೇಳಿದರು. ವೆಲ್ಡರ್ ಕಣ್ಣು ಅಗಲ ಮಾಡಿ, ಎರಡೂ ಕೈ ಜೋರಾಗಿ ಅಡ್ಡ ಬೀಸಿ, ಬೇಡವೇ ಬೇಡ ಅಂದರು. ಅವರು ಬೇಡ ಅಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನು ಕೇಳಿದ್ರು?" ಅಂದೆ.

ಹುಡುಗಿಯ ಕಣ್ಣು ಹೊಳೆಯುತ್ತಿತ್ತು. "ತೋಟದ ಕೆಲಸ ಬೇಕಾ ಅಂತ ಕೇಳಿದ್ರು ಆಂಟಿ."

ಆ ಕ್ಷಣದಲ್ಲಿ ಮೇಡಂ ಇಲ್ಲ, ಕೇಳಲು ಯಾರೂ ಇಲ್ಲ ಅನ್ನುವುದು ಮರೆತೇ ಹೋಯಿತು. ನಾಳೆ ಟೇಲರ್ ಅವರನ್ನು ನಡುವೆ ಕೂಡಿಸುವುದು ಅಂತ ನಿರ್ಧಾರ ಮಾಡಿಬಿಟ್ಟೆ. ವೆಲ್ಡರ್ ಹೇಳಿದ್ದನ್ನು ಟೇಲರ್ ಶಾಲೆಯ ಭಾಷೆಗೆ ತರಬೇಕು, ಅದನ್ನು ಹುಡುಗಿ ಬಾಯಲ್ಲಿ ಹೇಳಬೇಕು. ಮೀಟಿಂಗಿನ ಮಾತು ಅದೇ ದಾರಿಯಲ್ಲಿ ವಾಪಸು ಹೋಗಬೇಕು. ದೊಡ್ಡ ಊರುಗಳಲ್ಲಿ ಹೀಗೆ ಮಾಡುತ್ತಾರೆ ಅಂತ ಹುಡುಗಿ ಹೇಳಿದಳು. ನಮ್ಮಲ್ಲಿ ಅದು ಮೊದಲ ಸಲ.

ಟೇಲರ್ ಕೂಡಲೇ ಒಪ್ಪಲಿಲ್ಲ. ಮದುವೆಯ ಬ್ಲೌಸುಗಳು ಸೋಮವಾರ ಸಂಜೆ ಕೊಡಬೇಕಾಗಿತ್ತು, ಹೊಲಿಗೆಯಾಗಿ ಹುಕ್ಕು ಹಚ್ಚುವುದು ಉಳಿದಿತ್ತು. ನಾನು ಹಚ್ಚಿಕೊಡುತ್ತೇನೆ ಅಂದೆ. ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿ ಹುಡುಗಿಗೆ ಏನೋ ಅಂದರು. ಹುಡುಗಿ ನಗು ತಡೆದುಕೊಂಡು ಹೇಳಿದಳು, "ನಿಮ್ಮ ಬಾಯಾಗ ಹಲ್ಲಿಲ್ಲೇನು ಅಂತ ಕೇಳಾಕ್ಹತ್ಯಾರ. ಸೆರಗು ಅಡ್ಡ ಹಿಡಕೊಂಡು ಮಾತಾಡ್ತೀರಿ, ತುಟಿ ಕಾಣದಿದ್ರ ನನಗ ಹೆಂಗ ತಿಳೀಬೇಕು ಅಂತಾರ."

ಗುಂಪು ಅಷ್ಟಕ್ಕೇ ಬಿಡಲಿಲ್ಲ. ಅವರೊಳಗೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರು ಇರುತ್ತದೆ, ಮೀಸೆಯವನು, ಮಚ್ಚೆಯವಳು ಹೀಗೆ. ಕತ್ತರಿ ಆಡಿಸುವುದು ಟೇಲರ್ ಅವರ ಹೆಸರು. ಆ ಸಂಜೆ ನನಗೂ ಒಂದು ಇಟ್ಟರು. ಮುಷ್ಟಿಯಲ್ಲಿ ಸೆರಗು ಹಿಡಿದು ಬಾಯಿಗೆ ಅಡ್ಡ ತರುವುದು. ವೆಲ್ಡರ್ ನನ್ನನ್ನು ತೋರಿಸಿ ಅದನ್ನು ಮಾಡಿದರು, ಎಲ್ಲರೂ ನಕ್ಕರು, ನಾನು ನಾಚಿ ಮತ್ತೆ ಸೆರಗನ್ನೇ ಬಾಯಿಗೆ ತಂದೆ.

ಪರ್ಸನಲ್ ಆಫೀಸರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಬೇಸರ ಮಾಡಿಕೊಂಡರು.

"ಏನ್ ಅಮ್ಮಾರ, ಮೊದಲ ಒಬ್ಬರು ಸಾಕು ಅಂದ್ರ ಇಬ್ಬರು ಅಂದ್ರಿ. ಈಗ ಮೂರನೇದವರು, ಅವರಿಗೂ ಕಿವಿ ಕೇಳಂಗಿಲ್ಲ ಅಂತೀರಿ. ನಿನ್ನೆ ನಾನ ನೋಡೀನಲ್ಲ, ಅವ ಎಲ್ಲಾದಕ್ಕೂ ಹೂಂ ಅಂತಿದ್ದ."

"ಅದ ನೋಡ್ರಿ ಸಾಹೇಬ್ರ," ಅಂದೆ. "ನಾಳೆ ತೋಟಕ್ಕ ಹೋಗ್ತೀಯಾ ಅಂದ್ರೂ ಅವರು ಹೂಂ ಅಂತಾರ. ನೀವು ಅದನ್ನ ಬರಕೊಂತೀರಿ. ಆದ್ರ ಅದು ಅವರ ಮಾತಲ್ರಿ."

"ಎಷ್ಟೊತ್ತು ಬೇಕಾಕ್ಕೈತ್ರಿ ಹಂಗಾದ್ರ?" ಅಂದರು. ಇಟ್ಟುಕೊಂಡಿದ್ದಕ್ಕಿಂತ ಎರಡರಷ್ಟು ಅಂದೆ. ಭಾಷಣಗಳಲ್ಲಿ ಎರಡನ್ನು ಕೈಬಿಡುತ್ತೇನೆ, ಅಷ್ಟು ಹೇಳಿ ಫೋನ್ ಇಟ್ಟರು.

ಸೋಮವಾರ ಬೆಳಿಗ್ಗೆ ನಾವೆಲ್ಲ ಒಂದೇ ಬಸ್ಸಿನಲ್ಲಿ ಹೋದೆವು. ದುಭಾಷಿಗಳು ಭಾಷಣದ ಪ್ರತಿ ಓದುತ್ತಿದ್ದರು. ನಾನು ತೊಡೆಯ ಮೇಲೆ ಬ್ಲೌಸು ಹರಡಿಕೊಂಡು ಹುಕ್ಕು ಹಚ್ಚುತ್ತಿದ್ದೆ. ಅದಿರಿನ ಲಾರಿಗಳು ಓಡಾಡಿ ಹಾಳಾದ ರಸ್ತೆ, ಒಂದೊಂದು ಗುಂಡಿಗೆ ಒಂದೊಂದು ಸಲ ಬೆರಳಿಗೆ ಸೂಜಿ. ಟೇಲರ್ ಒಂದು ಹುಕ್ಕನ್ನು ಎಳೆದು ನೋಡಿ, ಬಿಚ್ಚಿ ಮತ್ತೆ ಹಚ್ಚಿ ಅಂತ ಕೈಮಾಡಿದರು. ಬಿಚ್ಚಿ ಹಚ್ಚಿದೆ.

ಸಭೆಯ ಜಾಗ ನೋಡಿ ಸಮಾಧಾನವಾಯಿತು. ದುಭಾಷಿ ನಿಲ್ಲುವ ಕಡೆ ನೀಲಿ ಪರದೆ ಕಟ್ಟಿದ್ದರು. ಕಿವಿ ಕೇಳದ ನಾಲ್ವರಿಗೆ ಎದುರಿನ ಸಾಲು. ವೆಲ್ಡರಿಗೆ ಮುಖ ಮಾಡಿ ಟೇಲರ್ ಅವರಿಗೊಂದು ಕುರ್ಚಿ. ದುಭಾಷಿ ಅವರ ಕಣ್ಣಿಗೆ ಬೀಳುವ ಹಾಗೆ ಅದನ್ನು ಸ್ವಲ್ಪ ಓರೆಯಾಗಿ ಹಾಕಿದೆ. ಮಾತಾಡುವಾಗ ದುಭಾಷಿಯನ್ನು ನೋಡಬೇಡಿ, ವೆಲ್ಡರನ್ನೇ ನೋಡಿ ಮಾತಾಡಿ ಅಂತ ಆಫೀಸರಿಗೆ ಹೇಳಿದೆ. ಎಲ್ಲ ಹೊಂದಿತು ಅಂತ ಹೋಗಿ ಕೊನೆಯ ಸಾಲಿನಲ್ಲಿ, ಗೋಡೆಗೆ ಹತ್ತಿ ಕುಳಿತೆ.

ನಮ್ಮ ಕಡೆಯವರ ಮರ್ಯಾದೆಯ ಲೆಕ್ಕವನ್ನು ನಾನು ಹಿಡಿದಿರಲಿಲ್ಲ. ಪ್ರಾರ್ಥನೆ ಮುಗಿದದ್ದೇ ನಿರೂಪಕರು ಮೈಕಿನಲ್ಲಿ, ದೂರದಿಂದ ಬಂದ ಅತಿಥಿಗಳನ್ನು ವೇದಿಕೆಗೆ ಬರಮಾಡಿಕೊಳ್ಳುತ್ತೇವೆ ಅಂದರು. ಇಬ್ಬರು ದುಭಾಷಿಗಳೂ ಬೇಡ ಬೇಡ ಅನ್ನುತ್ತಿದ್ದಂತೆ ಮೇಲೆ ಹತ್ತಿಸಿ, ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು, ಜನರಲ್ ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಕೂಡಿಸಿಬಿಟ್ಟರು. ಅಷ್ಟರಲ್ಲಿ ಸ್ವಾಗತ ಭಾಷಣ ಶುರುವಾಯಿತು. ಎರಡೂ ಕೈಯಲ್ಲಿ ಬುಟ್ಟಿ ಹಿಡಿದ ದುಭಾಷಿಗಳು ನನ್ನನ್ನು ನೋಡುತ್ತಿದ್ದರು. ಎದುರಿನ ಸಾಲು ಅವರನ್ನು ನೋಡುತ್ತಿತ್ತು. ಟೇಲರ್ ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿ, ಬುಟ್ಟಿ ಹಿಡಿದ ಹಾಗೆ ಎರಡೂ ಕೈ ಮುಂದೆ ಮಾಡಿ, ಗಲ್ಲ ಉಬ್ಬಿಸಿ ತೋರಿಸಿದರು.

ಬಗ್ಗಿಕೊಂಡು ಗೋಡೆಯ ಪಕ್ಕದಲ್ಲೇ ನುಸುಳಿ ವೇದಿಕೆಯ ಹಿಂದಿನಿಂದ ಹತ್ತಿದೆ. ಕಳ್ಳಿಯ ಹಾಗೆ ಎರಡೂ ಬುಟ್ಟಿಗಳನ್ನು ಎತ್ತಿಕೊಂಡೆ, ಹಾರಗಳನ್ನೂ ತೆಗೆಸಿ ತೋಳಿಗೆ ಹಾಕಿಕೊಂಡೆ. ಅಲ್ಲಿಂದ ಇಳಿಯುವಾಗ ಹಿಂದಿನ ಸಾಲಿನ ಒಬ್ಬ ಕೆಲಸಗಾರ, "ಏನವ್ವ, ಸನ್ಮಾನ ಎಲ್ಲಾ ನಿನಗ ಆತೇನು?" ಅಂದ. ಸುತ್ತ ಇದ್ದವರು ನಕ್ಕರು. ಮೊದಲಾಗಿದ್ದರೆ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆವತ್ತು, ದುಭಾಷಿಯ ಕೈ ಮೇಲೆದ್ದದ್ದನ್ನು ನೋಡಿ, ನಾನೂ ನಕ್ಕುಬಿಟ್ಟೆ.

ಆಮೇಲೆ ಹೊಸ ಶೆಡ್ಡಿನ ವಿಷಯ ಬಂತು. ಪರ್ಸನಲ್ ಆಫೀಸರು ಪರದೆಯ ಮೇಲೆ ಚಿತ್ರ ತೋರಿಸುತ್ತ ನಿಯಮಗಳನ್ನು ಹೇಳುವವರಿದ್ದರು. ಚಿತ್ರ ಸರಿಯಾಗಿ ಕಾಣಲಿ ಅಂತ ಯಾರೋ ಕಿಟಕಿಗಳನ್ನು ಮುಚ್ಚಿ ದೀಪಗಳನ್ನು ಆರಿಸಿದರು. ಗೋಡೆಯ ಮೇಲೆ ಕ್ರೇನು ಬೆಳಗಿತು. ಉಳಿದ ಸಭೆಯೆಲ್ಲ ಕಪ್ಪಾಯಿತು. ನೀಲಿ ಪರದೆಯೂ ಕಪ್ಪು, ಅದರ ಮುಂದಿನ ಕೈಗಳೂ ಕಪ್ಪು. ಆಫೀಸರ ದನಿ ಮಾತ್ರ ಬರುತ್ತಿತ್ತು. ಸೈರನ್ ಕೇಳದ ಸಿಬ್ಬಂದಿ ಅನ್ನುವ ಮಾತು ಬಂದದ್ದು ಆ ಕತ್ತಲಲ್ಲೇ.

ಯಾರಾದರೂ ಹೇಳುತ್ತಾರೆ ಅಂತ ನೋಡಿದೆ. ಯಾರಿಗೂ ಅದು ಹೊಳೆಯಲಿಲ್ಲ, ಅವರಿಗೆಲ್ಲ ಕೇಳಿಸುತ್ತಿತ್ತಲ್ಲ. ಎದ್ದು ಗೋಡೆಯನ್ನು ತಡವುತ್ತ ಹೋದೆ. ಸ್ವಿಚ್ಚಿನ ಬೋರ್ಡು ಸಿಕ್ಕಿತು, ಯಾವುದು ಯಾವುದರದು ಅಂತ ಯಾರಿಗೆ ಗೊತ್ತು. ಮೊದಲನೆಯದು ಒತ್ತಿದೆ, ಫ್ಯಾನು ನಿಂತಿತು. ಇನ್ನೊಂದು ಒತ್ತಿದೆ, ಮೈಕು ಹೋಯಿತು. ಆಮೇಲೆ ಅಂಗೈಯಿಂದ ಸಾಲಾಗಿ ಎಲ್ಲವನ್ನೂ ಒತ್ತಿಬಿಟ್ಟೆ. ದೀಪಗಳು ಭಗ್ಗನೆ ಹತ್ತಿದವು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು.

"ಯಾರ್ರೀ ಅದು?" ಅಂದರು ಜನರಲ್ ಮ್ಯಾನೇಜರ್.

ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅಷ್ಟರಲ್ಲಿ ಎದುರಿನ ಸಾಲಿನಿಂದ ಟೇಲರ್ ನನ್ನ ಬಾಯನ್ನೇ ನೋಡುತ್ತಿರುವುದು ಕಂಡಿತು. ಸೆರಗು ಬಿಟ್ಟೆ.

"ನಾನ್ರಿ," ಅಂದೆ. "ಕತ್ತಲಾದ್ರ ಅವರಿಗೆ ಮಾತು ಕೇಳಂಗಿಲ್ರಿ."

ಅಷ್ಟೇ ಹೇಳಿದ್ದು. ಜನರಲ್ ಮ್ಯಾನೇಜರ್ ನನ್ನನ್ನು ನೋಡಿದರು, ದುಭಾಷಿಯನ್ನು ನೋಡಿದರು, ವೆಲ್ಡರನ್ನು ನೋಡಿದರು. ಆಮೇಲೆ ಆಫೀಸರ ಕಡೆ ತಿರುಗಿ, "ಚಿತ್ರ ಮಸುಕಾದ್ರ ಆಗಲಿ. ಮೊದಲಿಂದ ಹೇಳ್ರಿ," ಅಂದರು. ಆಫೀಸರು ಮೊದಲಿಂದ ಹೇಳಿದರು. ಈ ಸಲ ಪ್ರತಿಯೊಂದು ಮಾತೂ ಹುಡುಗಿಯ ಕೈಯಿಂದ ಟೇಲರ್ ಕೈಗೆ, ಟೇಲರ್ ಕೈಯಿಂದ ವೆಲ್ಡರ್ ಕಣ್ಣಿಗೆ ಹೋಯಿತು. ತೋಟದ ಮಾತು ತಲುಪಿದಾಗ ವೆಲ್ಡರ್ ಗೋಣು ಹಾಕಲಿಲ್ಲ. ಎದ್ದು ನಿಂತರು.

ಅವರ ಕೈ ಆಡತೊಡಗಿತು. ಟೇಲರ್ ನೋಡಿ ತಿರುಗಿಸಿದರು, ಹುಡುಗಿ ಬಾಯಿಂದ ಹೇಳಿದಳು. ದುಭಾಷಿಗಳು ಯಾವತ್ತೂ ನಾನು ಅಂತಲೇ ಹೇಳುತ್ತಾರೆ, ಮಾತು ಅವರದಲ್ಲವಲ್ಲ.

"ನಾನು ಬೆಂಕಿ ಹಚ್ಚಿದಾಗ ಮುಖಕ್ಕ ಮುಖವಾಡ ಇರ್ತದ. ಆಗ ನನಗ ಬೆಂಕಿ ಬಿಟ್ಟು ಏನೂ ಕಾಣಂಗಿಲ್ಲ. ಕೆಂಪು ಲೈಟು ಹಾಕಿದ್ರೂ ಕಾಣಂಗಿಲ್ಲ. ಅದಕ್ಕ ನಾನು, ನನ್ನ ಜೊತೀಗಾರ ಒಂದು ಮಾಡ್ಕೊಂಡೀವಿ. ಏನರ ಬಂದ್ರ ಅವ ನನ್ನ ಮಷೀನು ಆಫ್ ಮಾಡ್ತಾನ. ಬೆಂಕಿ ಆರ್ತದ. ಬೆಂಕಿ ಆರಿದ್ರ ನಾನು ತಲಿ ಎತ್ತತೀನಿ."

ಸೇಫ್ಟಿ ಆಫೀಸರು ಕುರ್ಚಿಯ ತುದಿಗೆ ಬಂದಿದ್ದರು. ಎಲೆಕ್ಟ್ರಿಷಿಯನ್ನನ್ನು ಕೂಗಿ ಕರೆದು, ಸೈರನ್ ಆದ ಕೂಡಲೇ ಇವರ ವೆಲ್ಡಿಂಗ್ ಮಷೀನಿಗೆ ಹೋಗುವ ಕರೆಂಟು ತಾನೇ ಕಡಿಯುವ ಹಾಗೆ ವೈರಿಂಗ್ ಮಾಡಬಹುದೇ ಅಂತ ಅಲ್ಲೇ ಕೇಳಿದರು. ಆಗ್ತದ್ರಿ, ಅದೇನ್ ದೊಡ್ಡದಲ್ಲ, ಅಂದ ಅವನು. ಮುಖವಾಡ ಇಲ್ಲದೆ ಓಡಾಡುವಾಗ ಕಾಣಲು ಕಂಬಗಳಿಗೆ ಸುತ್ತುವ ಕೆಂಪು ದೀಪ ಹಾಕುವುದು, ಜೊತೆಗಾರನನ್ನೂ ಅದೇ ಶೆಡ್ಡಿಗೆ ಕಳಿಸುವುದು ಅಂತ ಒಂದರ ಮೇಲೊಂದು ಮಾತು ಬಂದವು. ಬಳ್ಳಾರಿಯ ದುಭಾಷಿ ಹುಡುಗಿಯ ಜಾಗಕ್ಕೆ ಬಂದರು, ಅವಳು ಬೆರಳು ಜಾಡಿಸುತ್ತ ನೀರು ಕುಡಿದಳು. ಟೇಲರಿಗೆ ಬದಲಿ ಇರಲಿಲ್ಲ. ನಾನು ಲೋಟ ಒಯ್ದೆ. ಒಂದೇ ಗುಟುಕಿಗೆ ಕುಡಿದು ಲೋಟವನ್ನು ನನ್ನ ಕೈಗೇ ಇಟ್ಟರು.

ವೆಲ್ಡಿಂಗ್ ಮಷೀನನ್ನು ಸೈರನ್ನಿಗೆ ಜೋಡಿಸಿ, ಎಲ್ಲರೆದುರು ಪರೀಕ್ಷೆ ಮಾಡಿ ನೋಡಿ, ಸರಿ ಬಂದರೆ ವೆಲ್ಡರ್ ಹೊಸ ಶೆಡ್ಡಿಗೇ ಹೋಗಲಿ ಅಂತ ಜನರಲ್ ಮ್ಯಾನೇಜರ್ ಹೇಳಿದರು. ಅದು ತಲುಪಿದಾಗ ವೆಲ್ಡರ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ಸ್ಟೋರಿನ ಮೂವರು ಕೈ ಮೇಲೆತ್ತಿ ಅಲ್ಲಾಡಿಸಿದರು, ಅವರ ಚಪ್ಪಾಳೆ ಹಾಗೆ.

ಮುಗಿಯಿತು ಅಂದುಕೊಂಡೆವು. ಆಫೀಸರು ಉಪಚಾರಕ್ಕೆ, ಬೇರೆ ಏನಾದರೂ ಕೇಳುವುದಿದೆಯಾ ಅಂದರು. ಇತ್ತು. ವೆಲ್ಡರ್ ತಮ್ಮ ಸೂಪರ್‌ವೈಸರ್ ಕಡೆ ಕೈಮಾಡಿ ತೋರಿಸಿದರು. ಆತ ದಪ್ಪ ಮೀಸೆಯ ಹಿರಿಯ ಮನುಷ್ಯ, ಬಾಗಿಲ ಹತ್ತಿರ ನಿಂತಿದ್ದ.

ಮತ್ತೆ ತನ್ನ ಜಾಗಕ್ಕೆ ಬಂದಿದ್ದ ಹುಡುಗಿ ಹೇಳಿದಳು, "ದಿನಾ ಮುಂಜಾನೆ ಕೆಲಸಕ್ಕಿಂತ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸ್ತೀರಿ. ನೀವು ಮಾತಾಡ್ತೀರಿ. ನಾನೂ ಎಲ್ಲಾರ ಜೋಡಿ ನಿಂದರ್ತೀನಿ. ಎಲ್ಲಾರೂ ಗೋಣು ಹಾಕಿದಾಗ ನಾನೂ ಹಾಕ್ತೀನಿ. ನೀವು ಏನು ಹೇಳ್ತೀರಿ?"

ಸೂಪರ್‌ವೈಸರ್ ಮುಖ ಕೆಂಪಾಯಿತು. ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಾನೆ ಅಂದುಕೊಂಡೆ. ಆತ ಮುಂದೆ ನಡೆದು ಬಂದ, ವೆಲ್ಡರ್ ಎದುರಿಗೆ ನಿಂತ, ದಿನಾ ಸಾಲಿನ ಮುಂದೆ ನಿಲ್ಲುವ ಹಾಗೆಯೇ ಕೈಕಟ್ಟಿ ನಿಂತು, ಶುರು ಮಾಡಿದ. ಬೂಟು ಹಾಕ್ಕೊಳ್ರಿ. ಗ್ಲೌಸು ಹರಿದಿದ್ರ ಬದಲಿ ಕೇಳ್ರಿ. ವೈರು ನೀರಾಗ ಬಿಡಬ್ಯಾಡ್ರಿ. ಕುಡಿದು ಬರಬ್ಯಾಡ್ರಿ. ಯಾರಿಗರ ಆರಾಮಿಲ್ಲಂದ್ರ ನನಗ ಬಂದು ಹೇಳ್ರಿ, ನಾಚಬ್ಯಾಡ್ರಿ. "ಇಷ್ಟ ನೋಡಪ. ದಿನಾ ಇದನ್ನ ಹೇಳೂದು," ಅಂದ.

ಎಲ್ಲವೂ ತಲುಪುವವರೆಗೆ ವೆಲ್ಡರ್ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಕೈಯಾಡಿಸಿದರು. ಟೇಲರ್ ಅದನ್ನು ತಿರುಗಿಸುವ ಮೊದಲೇ ನಕ್ಕರು.

"ಇಷ್ಟೇನಾ?" ಅಂದಳು ಹುಡುಗಿ. "ಇಷ್ಟು ವರ್ಷ ನಾನು ಏನೋ ಭಾಳ ದೊಡ್ಡ ವಿಷಯ ಅನ್ಕೊಂಡಿದ್ದೆ."

ಮೊದಲು ನಕ್ಕದ್ದು ಸೂಪರ್‌ವೈಸರೇ. ಆಮೇಲೆ ಇಡೀ ಸಭೆ. ನಕ್ಕು ಸಾಕಾದ ಮೇಲೆ ಜನರಲ್ ಮ್ಯಾನೇಜರ್ ನನ್ನನ್ನು ಹುಡುಕಿಕೊಂಡು ಹಿಂದಿನ ಸಾಲಿಗೆ ಬಂದು, ಬೆಳಗಿನ ಆ ಮಾತಿಗೂ ಏನಾದರೂ ಏರ್ಪಾಡು ಆಗುತ್ತದೆಯೇ ಅಂತ ಕೇಳಿದರು. ಮೇಡಂ ಬಂದ ಮೇಲೆ ಹೇಳುತ್ತೇನೆ ಅನ್ನಬೇಕಾಗಿತ್ತು. ನಾನು, ಆಗ್ತದ್ರಿ ಅಂದೆ. ಈಗ ದಿನಾ ಬೆಳಿಗ್ಗೆ ಕಂಪ್ಲಿಯ ಅಂಗಡಿಯಿಂದ ಟೇಲರ್, ಹುಬ್ಬಳ್ಳಿಯಿಂದ ಹುಡುಗಿ ವಿಡಿಯೋದಲ್ಲಿ ಬರುತ್ತಾರೆ. ಅವರಿಬ್ಬರನ್ನೂ ಕೂಡಿಸಿ ಕಾರ್ಖಾನೆಗೆ ಕರೆ ಹಚ್ಚಿಕೊಡುವುದು ನನ್ನ ದಿನದ ಮೊದಲ ಕೆಲಸ. ನೀವು ನಮ್ಮ ಮನೆಯಲ್ಲಿ ಮಲಗಿದ್ದಾಗ ಅಜ್ಜಿ ಬೆಳಿಗ್ಗೆ ಯಾರ ಜೊತೆ ಸದ್ದಿಲ್ಲದೆ ಮಾತಾಡುತ್ತಾಳೆ ಅಂತ ಕೇಳಿದ್ದಿರಲ್ಲ, ಅದು ಇದೇ.

ಪರೀಕ್ಷೆ ಸರಿ ಬಂತು. ಮುಂದಿನ ಭಾನುವಾರ ಬಸ್‌ಸ್ಟ್ಯಾಂಡಿಗೆ ಹೋದೆ. ಗುಂಪಿನ ನಡುವೆ ವೆಲ್ಡರ್ ಹೊಸ ಶೆಡ್ಡಿನ ಕ್ರೇನನ್ನು ಎರಡೂ ತೋಳಿನಿಂದ ಆಡಿ ತೋರಿಸುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಸೆರಗಿನ ಸನ್ನೆ ಮಾಡಿ, ಅದನ್ನು ಗಾಳಿಯಲ್ಲಿ ಒರೆಸಿ ಹಾಕಿದರು. ಆಮೇಲೆ ಬೇರೆಯದೊಂದು ಮಾಡಿದರು. ಟೇಲರ್ ಅದನ್ನೇ ಮಾಡಿದರು, ಸುತ್ತ ನಿಂತವರೆಲ್ಲ ಒಬ್ಬರಾದ ಮೇಲೆ ಒಬ್ಬರು ಮಾಡಿದರು.

ನೀವೂ ಕಲಿತುಕೊಳ್ಳಿ. ಬಲಗೈಯ ಅಂಗೈಯಿಂದ ಗೋಡೆಯ ಮೇಲಿನ ಸ್ವಿಚ್ಚುಗಳನ್ನು ಸಾಲಾಗಿ ಒತ್ತಿದ ಹಾಗೆ ಮಾಡಿ. ಆಮೇಲೆ ಅದೇ ಕೈಯ ಬೆರಳುಗಳನ್ನು ಒಟ್ಟು ಮಾಡಿ ತಲೆಗಿಂತ ಎತ್ತರಕ್ಕೆ ಒಯ್ದು, ದೀಪ ಹತ್ತಿದ ಹಾಗೆ ಒಮ್ಮೆಗೇ ಬಿಡಿಸಿ. ಅದು ನನ್ನ ಹೆಸರು.